ಚಿಪ್ಪಿಯ ಓಟ

ಚಂದ್ರಕಲಾ ಹುಟ್ಟಿ ಬೆಳೆದದ್ದು ಸೇಡಂನಲ್ಲಿ, ಹೊಳೆಯ ದಂಡೆಗೆ ಹತ್ತಿಕೊಂಡ ಓಣಿಯಲ್ಲಿ. ತಾಯಿ ಸಾಬಮ್ಮ ಹೊಳೆಯಲ್ಲಿ ಮೀನು ಹಿಡಿದು ಬಜಾರದಲ್ಲಿ ಕೂತು ಮಾರುತ್ತಿದ್ದಳು. ಮನೆಯ ನೆಲಕ್ಕೆಲ್ಲ ಶಹಾಬಾದ್ ಪರಸಿ ಕಲ್ಲು ಹಾಸಿತ್ತು. ತಾಯಿ ಬಜಾರಕ್ಕೆ ಹೋದ ಮೇಲೆ ಹುಡುಗಿ ತಂಬಿಗೆಯ ನೀರಿನಲ್ಲಿ ಬೆರಳು ಅದ್ದಿ ಆ ಪರಸಿಯ ಮೇಲೆ ಮೀನು ಬರೆಯುತ್ತಿದ್ದಳು. ಬೇಸಿಗೆಯಲ್ಲಿ ಬಾಲ ಬರೆಯುವಷ್ಟರಲ್ಲಿ ತಲೆ ಒಣಗಿಹೋಗುತ್ತಿತ್ತು. ಅದು ಪೂರ್ತಿ ಆರುವ ಮೊದಲೇ ಪಕ್ಕದಲ್ಲಿ ಇನ್ನೊಂದು, ಅದರ ಮುಂದೆ ಮತ್ತೊಂದು ಬರೆದರೆ ಮೀನು ಈಜಿಕೊಂಡು ಹೊಸ್ತಿಲ ಕಡೆ ಹೋದ ಹಾಗೆ ಕಾಣುತ್ತಿತ್ತು. ಹಿಂದಿನದು ಅಳಿಯುತ್ತಿತ್ತು, ಮುಂದಿನದು ಹುಟ್ಟುತ್ತಿತ್ತು. ಅದಕ್ಕೆ ಅನಿಮೇಶನ್ ಎಂದು ಹೆಸರಿದೆ, ಅದೊಂದು ಕಸುಬು ಎಂದು ಅವಳಿಗೆ ಗೊತ್ತಾಗಲು ಮೂವತ್ತು ವರ್ಷ ದಾಟಬೇಕಾಯಿತು.

ಓದು ಮುಗಿಸಿ ಕಲಬುರಗಿಯಲ್ಲಿ ಡ್ರಾಯಿಂಗ್ ಟೀಚರ್ ಕೋರ್ಸು ಮಾಡಿದಳು. ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಭೀಮುವನ್ನು ಮದುವೆಯಾದಳು. ಚಿತ್ತಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಸೇಡಂನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಅವಳು ಬಂದರೆ, ಎದುರು ದಿಕ್ಕಿನಿಂದ, ಶಹಾಬಾದಿನಿಂದ ಅದ್ನಾನ್ ಬರುತ್ತಿದ್ದ. ಅದೇ ಶಾಲೆಯ ಕಂಪ್ಯೂಟರ್ ಮಾಸ್ತರ. ಅವಳಿಗಿಂತ ಚಿಕ್ಕವನು, ಮಾತು ಕಡಿಮೆ, ಊಟದ ಹೊತ್ತಿನಲ್ಲೂ ಲ್ಯಾಪ್‌ಟಾಪ್ ಮುಚ್ಚದವನು. ಅವನು ಅವಳನ್ನು ಮೇಡಂ ಎಂದು ಕರೆಯುತ್ತಿದ್ದ, ಅವಳು ಅವನನ್ನು ಸರ್ ಎಂದು. ಮುಂದೆ ಇಬ್ಬರೂ ಕೂಡಿ ಏನೆಲ್ಲ ಮಾಡಿದರೂ ಆ ಕರೆ ಮಾತ್ರ ಬದಲಾಗಲಿಲ್ಲ.

ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿದಾಗ ಅದ್ನಾನ್ ಫೋನು ಮಾಡಿ ಒಂದು ಮಾತು ಕೇಳಿದ. ತನಗೆ ವಿಡಿಯೊ ಗೇಮ್ ಕಟ್ಟಲು ಬರುತ್ತದೆ, ಆದರೆ ಒಂದು ಗಿಡ ಬರೆಯಲೂ ಬರುವುದಿಲ್ಲ. ಮೇಡಂ ಚಿತ್ರ ಬರೆದುಕೊಟ್ಟರೆ ನೋಡಬಹುದು. ಅವಳಿಗೆ ಗೇಮ್ ಎಂದರೆ ಮಕ್ಕಳು ಕಣ್ಣು ಕೆಡಿಸಿಕೊಳ್ಳುವ ಆಟ ಅಷ್ಟೇ ಗೊತ್ತಿತ್ತು. ಆದರೂ ಬರೆದಳು. ಬೆನ್ನಿನ ಮೇಲೆ ಹೊಳೆಚಿಪ್ಪು ಕಟ್ಟಿಕೊಂಡ ಒಂದು ಸಣ್ಣ ಹುಡುಗಿ. ಹೆಸರು ಚಿಪ್ಪಿ. ಆಕೆ ಹೊಳೆಯ ತಳದ ಗವಿಗಳಲ್ಲಿ ಇಳಿದು, ದಾರಿ ಹುಡುಕಿ, ಮುಚ್ಚಿದ ಬಾಗಿಲು ತೆರೆದು, ಹೊಸ ಹೊಸ ಜಾಗಕ್ಕೆ ಹೋಗುತ್ತಾಳೆ. ಪ್ರತಿಯೊಂದು ಚಿತ್ರವನ್ನೂ ಚಂದ್ರಕಲಾ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಮಸಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸುತ್ತಿದ್ದಳು. ಅವನು ಅವನ್ನು ಒಂದಾದ ಮೇಲೊಂದು ಜೋಡಿಸಿ ಓಡಾಡಿಸುತ್ತಿದ್ದ. ಆ ಆಟ ನಿಧಾನದ್ದು. ನೀರಿನಲ್ಲಿ ತೇಲುತ್ತ ಆಡುವಂಥದ್ದು. ಇಂಟರ್ನೆಟ್ಟಿಗೆ ಹಾಕಿದ ಮೇಲೆ ಕೆಲವು ತಿಂಗಳು ಯಾರೂ ನೋಡಲಿಲ್ಲ. ಆಮೇಲೆ ಎಲ್ಲೆಲ್ಲಿಯವರೋ ಆಡಲು ಹತ್ತಿದರು. ಬ್ರೆಜಿಲಿನ ಒಬ್ಬ ಹುಡುಗಿ ಚಿಪ್ಪಿಯ ಗೊಂಬೆ ಹೊಲಿದು ಫೋಟೊ ಕಳಿಸಿದಳು. ಸಾಬಮ್ಮ ಆ ಫೋಟೊ ನೋಡಿ, ಇದು ನಮ್ಮ ಓಣಿಯ ಹುಡುಗಿ ಇದ್ದ ಹಾಗಿದೆಯಲ್ಲ ಎಂದಳು.

ಎರಡನೆಯ ಭಾಗ ಯಾವಾಗ ಎಂದು ಜನ ಕೇಳತೊಡಗಿದರು. ಯುರೋಪಿನ ಒಂದು ಸಣ್ಣ ಕಂಪನಿ ಅದನ್ನು ಹೊರತರಲು ಮುಂದೆ ಬಂತು. ಅದ್ನಾನನ ಮನಸ್ಸಿನಲ್ಲಿ ಕಥೆ ಸಿದ್ಧವಿತ್ತು. ಹೊಳೆ ಬತ್ತಿದೆ, ಚಿಪ್ಪಿಗೆ ಈಜಲು ನೀರಿಲ್ಲ. ಬಂಡೆ ತಿನ್ನುವ ಒಂದು ಮೃಗ ಹೊಳೆಯ ಪಾತ್ರವನ್ನೇ ತಿನ್ನುತ್ತ ಹಿಂದಿನಿಂದ ಬರುತ್ತಿದೆ. ಆಕೆ ಓಡಬೇಕು, ಜಿಗಿಯಬೇಕು, ಕಣ್ಣು ಮಿಟುಕಿಸುವುದರೊಳಗೆ ತಿರುಗಬೇಕು. ಮೊದಲಿನ ಆಟಕ್ಕಿಂತ ಹತ್ತು ಪಟ್ಟು ಜೋರು.

ಜೋರು ಎಂದರೆ ಚಿತ್ರಗಳೂ ಹೆಚ್ಚು ಬೇಕು ಎಂದು ಚಂದ್ರಕಲಾ ನಂಬಿದ್ದಳು. ಒಂದು ಜಿಗಿತಕ್ಕೆ ಮೊಣಕಾಲು ಮಡಿಯುವುದು, ಚಿಪ್ಪು ಅಲುಗುವುದು, ಕೂದಲು ಹಿಂದೆ ಬೀಳುವುದು, ಎಲ್ಲವೂ ಬೇರೆ ಬೇರೆ ಕಾಗದ. ಶಹಾಬಾದಿನಲ್ಲಿ ಅದ್ನಾನನ ಮನೆಯ ಮೇಲಿನ ಕೋಣೆಯಲ್ಲಿ ಗಾಜಿನ ಮೇಜಿನ ಕೆಳಗೆ ಬಲ್ಬು ಇಟ್ಟು, ಒಂದು ಕಾಗದದ ಮೇಲೆ ಇನ್ನೊಂದು ಇಟ್ಟು ಬರೆಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಸಂಜೆಯ ರೈಲಿಗೆ ಸೇಡಂಗೆ ಮರಳುವುದು. ಕೆಳಗೆ ಅದ್ನಾನನ ತಂದೆಯ ಪರಸಿ ಕೊರೆಯುವ ಶೆಡ್ಡು. ಗರಗಸದ ಸದ್ದಿಗೆ ಮೇಜು ಸಣ್ಣಗೆ ನಡುಗುತ್ತಿತ್ತು. ಚಿಂಚೋಳಿಯ ಕಾಡಿಗೂ ಒಮ್ಮೆ ಹೋಗಿ ಒಣಗಿದ ಜಲಪಾತದ ಬಂಡೆಗಳನ್ನು ಬರೆದುಕೊಂಡು ಬಂದಳು. ಹೀಗೆ ಮೂರು ವರ್ಷ.

ಮೂರನೆಯ ವರ್ಷ ಬಲಗೈ ಕೆಟ್ಟಿತು. ಮೊದಲು ಹೆಬ್ಬೆರಳಿನ ಬುಡದಲ್ಲಿ ಜುಮುಗುಟ್ಟುವುದು, ಆಮೇಲೆ ಮಣಿಕಟ್ಟಿನಲ್ಲಿ ಸುರಿಗೆ ಆಡಿಸಿದಂಥ ನೋವು. ರೊಟ್ಟಿ ಬಡಿಯುವಾಗ ಕೈ ನಿಲ್ಲುತ್ತಿತ್ತು. ಯಾರಿಗೂ ಹೇಳಲಿಲ್ಲ. ಮೊದಲು ಕಂಡುಹಿಡಿದವರು ಅದ್ನಾನನ ತಾಯಿ ಅಮೀರ್ಬೀ. ಚಹಾದ ಕಪ್ಪನ್ನು ಚಂದ್ರಕಲಾ ಎರಡೂ ಕೈಯಿಂದ ಎತ್ತುವುದನ್ನು ನೋಡಿ ಮಗನಿಗೆ ಹೇಳಿದರು. ಕಲಬುರಗಿಯ ಡಾಕ್ಟರು ನರ ಒತ್ತಿದೆ, ಪೆನ್ಸಿಲ್ ಮುಟ್ಟಬೇಡಿ ಎಂದರು. ಅದೇ ಸಮಯಕ್ಕೆ ಕಂಪನಿಯವರು ಡೆಮೊ ಕೇಳಿದ್ದರು. ಜನ ಮೊದಲು ಆಡಿನೋಡಲು ಆಟದ ಒಂದು ತುಂಡು. ಅದರಲ್ಲಿ ಬಂಡೆ ತಿನ್ನುವ ಮೃಗ ಅಟ್ಟಿಸಿಕೊಂಡು ಬರುವ ಓಟ ಇರಲೇಬೇಕಿತ್ತು. ಆ ಓಟದ ಅರ್ಧ ಚಿತ್ರ ಬರೆದಾಗಿತ್ತು, ಅರ್ಧ ಬಾಕಿ.

ಇದ್ದ ಚಿತ್ರಗಳಲ್ಲೇ ಹಿಂದೆ ಮುಂದೆ ಮಾಡಿ ಹೊಂದಿಸುತ್ತೇನೆ, ನೀವು ಕೈಗೆ ಆರಾಮ ಕೊಡಿ ಎಂದು ಅದ್ನಾನ್ ಹೇಳಿದ. ಅವಳು ಮನೆಯಲ್ಲಿ ಕೂತಳು. ಎರಡು ವಾರ ಬಿಟ್ಟು ಹೋದಾಗ ಅವನು ಪರದೆಯ ಮೇಲೆ ಓಟ ತೋರಿಸಿದ. ಚಿಪ್ಪಿ ಕಾದ ಬಂಡೆಯ ಮೇಲೆ ಗಾಳಿಯ ಹಾಗೆ ಓಡುತ್ತಿದ್ದಳು, ಹಿಂದೆ ನೆಲ ಕುಸಿಯುತ್ತಿತ್ತು. ಚಂದ್ರಕಲಾಳ ಎದೆ ತುಂಬಿಬಂತು. ಭಾಳ ಛಲೋ ಬಂದದ ಎಂದಳು. ಫೋನಿಗೆ ಹಾಕಿಸಿಕೊಂಡು ಹೋಗಿ ಭೀಮುಗೂ ತೋರಿಸಿದಳು.

ಡೆಮೊ ಹೊರಬಂದ ವಾರ ಎಲ್ಲರೂ ಹೊಗಳಿದರು. ಆಮೇಲೆ ಒಂದು ವಿಡಿಯೊ ಬಂತು.

ಮಾಡಿದವಳು ಹೈದರಾಬಾದಿನ ಅಲ್ಮಾಸ್. ಗೇಮ್‌ಗಳನ್ನು ಆಡಿ ಅದರ ಬಗ್ಗೆ ಮಾತಾಡುವ ಹುಡುಗಿ, ಲಕ್ಷಗಟ್ಟಲೆ ಜನ ನೋಡುತ್ತಿದ್ದರು. ಮೊದಲನೆಯ ಆಟವನ್ನು ಊರೆಲ್ಲ ಸಾರಿದವಳೂ ಅವಳೇ. ಅದಕ್ಕೇ ಇರಬೇಕು, ಅವಳ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ಓಟದ ದೃಶ್ಯವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ತೋರಿಸಿದಳು. ಒಂದರಲ್ಲಿ ಚಿಪ್ಪಿಯ ಪಾದಕ್ಕೆ ಆರು ಬೆರಳು. ಇನ್ನೊಂದರಲ್ಲಿ ಚಿಪ್ಪು ಕಟ್ಟಿದ ದಾರ ಎಡ ಹೆಗಲಿನಿಂದ ಬಲಕ್ಕೆ ಹೋಗಿ, ಮುಂದಿನದರಲ್ಲಿ ಮತ್ತೆ ಎಡಕ್ಕೆ ಬಂದಿತ್ತು. ಇದು ಕೈಯಿಂದ ಬರೆದದ್ದಲ್ಲ, ಎಐ ಮಾಡಿದ್ದು ಅನ್ನಿಸುತ್ತದೆ, ತಪ್ಪಿದ್ದರೆ ನನಗೇ ಖುಷಿ ಎಂದಳು ಅಲ್ಮಾಸ್.

ಭೀಮು ಪಾಳಿ ಮುಗಿಸಿ ಬೆಳಿಗ್ಗೆ ಬಂದಾಗ ಚಂದ್ರಕಲಾ ಒಲೆಯ ಮುಂದೆ ಫೋನು ಹಿಡಿದು ಕೂತಿದ್ದಳು, ರೊಟ್ಟಿ ಹಂಚಿನ ಮೇಲೆ ಕರ್ರಗಾಗಿತ್ತು. ವಿಡಿಯೊದ ಕೆಳಗೆ ಜನ ಸಾವಿರ ಮಾತು ಬರೆದಿದ್ದರು. ಕೈಯಿಂದ ಬರೆದದ್ದು ಎಂದು ಹೇಳಿ ಮೋಸ ಮಾಡಿದರು ಎಂದು ಕೆಲವರು. ಯಾವುದೋ ಹೆಸರಿಲ್ಲದ ಊರಿನ ಟೀಚರಮ್ಮ ಇಷ್ಟೆಲ್ಲ ಬರೆದಳು ಎಂದರೆ ನಂಬಿದ ನಾವೇ ಹುಚ್ಚರು ಎಂದು ಇನ್ನೊಬ್ಬ. ಆ ಮಾತು ಅವಳಿಗೆ ಚುಚ್ಚಿತು. ಮೂರು ವರ್ಷ, ಕೆಟ್ಟ ಕೈ, ಬಿಟ್ಟ ನಿದ್ದೆ. ಅಲ್ಲಿಯೇ ಕೂತು ಉತ್ತರ ಬರೆದಳು. ಪ್ರತಿ ಚಿತ್ರವೂ ನನ್ನ ಕೈಯದೇ, ಆರು ಬೆರಳು ಅವಸರದ ತಪ್ಪು ಇದ್ದೀತು. ಈ ಶನಿವಾರ ಸಂಜೆ ನಾಲ್ಕಕ್ಕೆ ಎಲ್ಲರ ಎದುರು ಲೈವ್‌ನಲ್ಲಿ ಕೂತು ಅದೇ ಓಟ ಬರೆದು ತೋರಿಸುತ್ತೇನೆ, ಬಂದು ನೋಡಿ. ಕಳಿಸಿದ ಮೇಲೆ ಅದ್ನಾನನಿಗೆ ಫೋನು ಮಾಡಿದಳು. ಅವನು, ಕೈ ನೋವಿನಲ್ಲಿ ಯಾಕೆ ಒಪ್ಪಿಕೊಂಡಿರಿ, ಇದನ್ನು ಬಿಟ್ಟುಬಿಡೋಣ, ನಾಲ್ಕು ದಿನಕ್ಕೆ ಜನ ಮರೆಯುತ್ತಾರೆ ಎಂದ. ಅವಳು ಕೇಳಲಿಲ್ಲ. ಬಿಡುವುದಾದರೆ ತಪ್ಪು ಒಪ್ಪಿಕೊಂಡ ಹಾಗಲ್ಲವೇ ಎಂದಳು.

ಶನಿವಾರ ಮಧ್ಯಾಹ್ನ ಸೇಡಂನಲ್ಲಿ ರೈಲು ಹತ್ತಿದಳು. ಕಿಟಕಿಯ ಸೀಟು ಸಿಕ್ಕಿತು. ಲೈವ್‌ನಲ್ಲಿ ಯಾವ ಭಾಗ ಬರೆಯಬೇಕು ಎಂದು ನೋಡಿಕೊಳ್ಳಲು ಅಲ್ಮಾಸಳ ವಿಡಿಯೊ ಮತ್ತೆ ತೆರೆದಳು. ಈ ಸಲ ಸಿಟ್ಟು ಇಳಿದಿತ್ತು. ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದಳು. ಓಟದ ಮೊದಲಿನ ಚಿತ್ರಗಳು ನೆನಪಿದ್ದವು. ಈ ಮೊಣಕಾಲು ಬರೆದ ದಿನ ಕೆಳಗಿನ ಶೆಡ್ಡಿನ ಗರಗಸ ಕೆಟ್ಟು ಸದ್ದಿಲ್ಲದೆ ಇತ್ತು. ಈ ಕೂದಲಿಗೆ ಎರಡು ಸಲ ಮಸಿ ಚೆಲ್ಲಿತ್ತು. ಆದರೆ ಆರು ಬೆರಳಿನ ಪಾದ ನೆನಪಿಗೆ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಚಿತ್ತಾಪುರ ದಾಟುವವರೆಗೂ ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಗೆರೆ ತನ್ನದೇ ಇದ್ದ ಹಾಗಿತ್ತು. ತಾನೇ ಬರೆದು ಮರೆತಿರಬಹುದು, ಆ ದಿನಗಳಲ್ಲಿ ನೋವಿನ ಗುಳಿಗೆ ನುಂಗಿ ಬರೆಯುತ್ತಿದ್ದೆನಲ್ಲ ಎಂದು ಸಮಾಧಾನ ಹೇಳಿಕೊಂಡಳು. ಸಮಾಧಾನ ಆಗಲಿಲ್ಲ.

ವಾಡಿಯಲ್ಲಿ ರೈಲು ಬಹಳ ಹೊತ್ತು ನಿಂತಿತು. ಪ್ಲಾಟ್‌ಫಾರಮ್ಮಿನ ಮೇಲೆ ಜನ ಇಳಿಯುತ್ತ ಹತ್ತುತ್ತ ಇದ್ದರು. ಅದ್ನಾನ್ ಫೋನಿನಲ್ಲಿ ಬಿಟ್ಟುಬಿಡೋಣ ಎಂದದ್ದು ಅವಳಿಗೆ ಈಗ ನೆನಪಾಯಿತು. ಕೇಳಬಾರದು ಎಂದು ಒಂದು ಮನಸ್ಸು ಹೇಳಿತು. ಕೇಳದಿದ್ದರೆ ಇವತ್ತು ಬರೆದು ತೋರಿಸಿ, ಗೆದ್ದು ಮನೆಗೆ ಹೋಗಬಹುದು. ಇಲ್ಲೇ ಇಳಿದು ವಾಪಸ್ ಹೋಗಿಬಿಡಲೇ ಎಂದೂ ಅನ್ನಿಸಿತು. ಎದ್ದು ಬಾಗಿಲವರೆಗೆ ಹೋದಳು ಕೂಡ. ಅಷ್ಟರಲ್ಲಿ ಗಾಡಿ ಅಲುಗಿತು, ಬಂದು ಕೂತಳು.

ಶಹಾಬಾದಿನ ಮನೆಯಲ್ಲಿ ಅಮೀರ್ಬೀ ಬಾಗಿಲಿಗೇ ಬಂದು, ಮುಖ ಯಾಕೆ ಹೀಗಾಗಿದೆ, ಊಟ ಮಾಡಿದೆಯೋ ಇಲ್ಲವೋ ಎಂದು ಕೇಳಿದರು. ಕೆಳಗೆ ಇಳಿದು ಬಂದ ಮೇಲೆ ಮಾಡುತ್ತೇನೆ ಖಾಲಾ ಎಂದು ಚಂದ್ರಕಲಾ ಮೆಟ್ಟಿಲು ಹತ್ತಿದಳು. ಅದ್ನಾನ್ ಗಾಜಿನ ಮೇಜಿನ ಮೇಲೆ, ಬರೆಯುವ ಕೈ ಮತ್ತು ಕಾಗದ ಮಾತ್ರ ಕಾಣುವ ಹಾಗೆ ಕ್ಯಾಮೆರಾ ಕಟ್ಟುತ್ತಿದ್ದ. ಪರದೆಯ ಮೇಲೆ ಲೈವ್‌ಗೆ ಕಾದು ಕೂತವರ ಸಂಖ್ಯೆ ಏರುತ್ತಿತ್ತು. ಅವಳು ಚೀಲ ಇಳಿಸದೆ ಫೋನು ಅವನ ಮುಂದೆ ಹಿಡಿದಳು.

"ಸರ್, ಇದು ನಾ ಬರದದ್ದೇನ್ರಿ?"

"ಮತ್ತ ಯಾರ್ ಬರೀತಾರ್ರಿ ಮೇಡಂ," ಎಂದ ಅವನು, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

"ನಂಗ ಗೊತ್ತಾಗವಲ್ದು. ಅದಕ್ಕೇ ಕೇಳಾಕತ್ತೀನಿ."

ಅದ್ನಾನನ ಕೈಯಲ್ಲಿದ್ದ ತಂತಿ ಹಾಗೆಯೇ ನಿಂತಿತು. ಆಮೇಲೆ ಅವನು ಕುರ್ಚಿಯಲ್ಲಿ ಕೂತ. ಕೆಳಗೆ ಗರಗಸ ಪರಸಿಯೊಳಗೆ ಇಳಿಯುವ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಅವನು ಎಲ್ಲ ಹೇಳಿದ. ಇದ್ದ ಚಿತ್ರಗಳನ್ನು ಹಿಂದೆ ಮುಂದೆ ಹಾಕಿ ನೋಡಿದ್ದ, ಓಟ ಕುಂಟುತ್ತಿತ್ತು. ಕಂಪನಿಯವರಿಗೆ ದಿನ ಮುಂದೆ ಹಾಕಿ ಎಂದು ಕೇಳಲು ಧೈರ್ಯ ಬರಲಿಲ್ಲ. ಅವಳನ್ನು ಕೇಳಿದರೆ ಕೆಟ್ಟ ಕೈಯಲ್ಲೇ ಬಂದು ಬರೆಯುತ್ತಾಳೆ ಎಂದು ಗೊತ್ತಿತ್ತು. ಅವಳ ಹಳೆಯ ಚಿತ್ರಗಳನ್ನೇ ಎಐಗೆ ಕೊಟ್ಟು ನಡುವಿನ ಚಿತ್ರಗಳನ್ನು ಮಾಡಿಸಿದ. ಅದು ಕ್ಷಣದಲ್ಲಿ ಮಾಡಿಕೊಟ್ಟಿತು. ಅವಳ ಕೈ ಗುಣವಾದ ಮೇಲೆ ಬದಲಿಸಿದರಾಯಿತು ಎಂದುಕೊಂಡಿದ್ದ.

"ಅವತ್ತು ನಿಮಗ ತೋರಿಸಿ ಖರೇ ಹೇಳಬೇಕಂತ ಇದ್ದೆ," ಎಂದ. "ನೀವು ನೋಡಿ ಭಾಳ ಛಲೋ ಬಂದದ ಅಂದ್ರಿ. ಆಮ್ಯಾಲ ಹ್ಯಾಂಗ ಹೇಳ್ಲಿ ಮೇಡಂ?"

ಮೋಸಕ್ಕಿಂತ ಆ ಮಾತೇ ಅವಳಿಗೆ ಹೆಚ್ಚು ಬಡಿಯಿತು. ಯಂತ್ರ ಮಾಡಿದ್ದನ್ನು ತನ್ನದೇ ಎಂದುಕೊಂಡು ಹಿಗ್ಗಿದ್ದಳು. ಗಂಡನಿಗೆ ತೋರಿಸಿದ್ದಳು. ಮೂರು ವರ್ಷ ಆ ಹುಡುಗಿಯ ಒಂದೊಂದು ಬೆರಳು ಬರೆದವಳು, ಆರು ಬೆರಳು ಮೂಡಿದಾಗ ಕಾಣಲಿಲ್ಲ. ಇನ್ನೂ ಎಲ್ಲೆಲ್ಲಿ ಹೀಗೆ ಮಾಡಿದ್ದೀರಿ ಎಂದು ಕೇಳಿದಳು. ಆ ಓಟ ಬಿಟ್ಟರೆ ಒಂದೂ ಇಲ್ಲ, ಖುದಾನ ಆಣೆ ಎಂದ. ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ನಾಲ್ಕು ಆಗುತ್ತ ಬಂದಿತ್ತು. ಅದ್ನಾನ್ ಸಣ್ಣ ದನಿಯಲ್ಲಿ ಬೇಡಿಕೊಂಡ. ನೀವು ಬರೆಯಬಲ್ಲಿರಿ ಎನ್ನುವುದು ಸುಳ್ಳಲ್ಲ. ಅವರು ನೋಡಲು ಬಂದದ್ದೂ ಅದನ್ನೇ. ಕೂತು ಬರೆದುಬಿಡಿ. ಅಲ್ಮಾಸಳ ಹತ್ತಿರ ಅನುಮಾನ ಬಿಟ್ಟರೆ ಏನೂ ಇಲ್ಲ. ಓಟದ ಚಿತ್ರಗಳನ್ನು ಸುಮ್ಮನೆ ಬದಲಿಸಿಬಿಡೋಣ. ಅವಳು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಮೇಜಿಗೆ ಕೂತಳು, ಬರುತ್ತೇನೆ ಎಂದು ಮಾತು ಕೊಟ್ಟಿದ್ದಳಲ್ಲ, ಅಷ್ಟಕ್ಕೇ. ಮುಂದೆ ಏನು ಎಂದು ಅವಳಿಗೇ ಗೊತ್ತಿರಲಿಲ್ಲ.

ಲೈವ್ ಶುರುವಾಯಿತು. ಅವಳು ಮಾತಾಡದೆ ಕಾಗದ ಇಟ್ಟು ಪೆನ್ಸಿಲ್ ಎತ್ತಿದಳು. ತಲೆಯ ದುಂಡು, ಬೆನ್ನಿನ ಬಾಗು, ಚಿಪ್ಪು. ಎಡ ಹೆಗಲ ದಾರ. ಮುಂದೆ ಚಾಚಿದ ಕಾಲು. ಅದರ ಮೇಲೆ ಇನ್ನೊಂದು ಕಾಗದ. ಪರದೆಯ ಬದಿಯಲ್ಲಿ ಜನರ ಮಾತುಗಳು ಓಡತೊಡಗಿದವು, ಅದ್ನಾನ್ ಒಂದೆರಡನ್ನು ಮೆಲ್ಲಗೆ ಓದಿ ಹೇಳಿದ. ನೋಡಿ, ಖರೆಯೇ ಬರೆಯುತ್ತಾಳೆ ಎಂದು ಯಾರೋ. ಅಲ್ಮಾಸ್ ಕ್ಷಮೆ ಕೇಳಬೇಕು ಎಂದು ಇನ್ನೊಬ್ಬರು. ಮೂರನೆಯ ಕಾಗದಕ್ಕೆ ಬರುವಷ್ಟರಲ್ಲಿ ನೋವು ಮೊಣಕೈವರೆಗೆ ಏರಿತು. ಗೆರೆ ಅಲುಗಿತು, ಅಳಿಸಿ ಮತ್ತೆ ಬರೆದಳು. ಹಣೆಯ ಬೆವರು ಕಾಗದಕ್ಕೆ ಬೀಳದ ಹಾಗೆ ತಲೆ ಹಿಂದೆ ಎಳೆದುಕೊಂಡಳು.

ಆಗ ಅಲ್ಮಾಸಳದೇ ಪ್ರಶ್ನೆ ಬಂತು. ಅದ್ನಾನ್ ಅದನ್ನು ಓದಿ ಹೇಳಲಿಲ್ಲ. ಚಂದ್ರಕಲಾ ತಾನೇ ತಲೆ ಎತ್ತಿ ಓದಿಕೊಂಡಳು. ನೀವು ಬರೆಯುವುದು ಕಂಡೆ, ಅದರಲ್ಲಿ ನನಗೀಗ ಅನುಮಾನವಿಲ್ಲ. ಕೇಳುವುದು ಒಂದೇ. ಡೆಮೊದಲ್ಲಿದ್ದ ಆ ಓಟದ ಚಿತ್ರಗಳೆಲ್ಲ ನೀವೇ ಬರೆದವೇ?

ಪೆನ್ಸಿಲ್ ನಿಂತಿತು. ಸಾವಿರಾರು ಜನ ನೋಡುತ್ತಿದ್ದದ್ದು ಒಂದು ಕಾಗದ, ಅದರ ಮೇಲೆ ಅಲುಗದ ಒಂದು ಕೈ. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಅಲ್ಲಿಂದಾಚೆ ಆ ಸುಳ್ಳು ಅದ್ನಾನನದಲ್ಲ, ತನ್ನದು. ಇಲ್ಲ ಎಂದರೆ ಎದುರಿಗೆ ಕೂತ ಈ ಹುಡುಗನನ್ನು, ತನ್ನ ಕೈಯ ನೋವು ನೋಡಲಾಗದೆ ತಪ್ಪು ಮಾಡಿದವನನ್ನು, ತಾನೇ ಹಿಡಿದು ಜನರ ಮುಂದೆ ನಿಲ್ಲಿಸಿದ ಹಾಗೆ. ಅವಳು ಅವನ ಕಡೆ ನೋಡಿದಳು. ಹೇಳು ಎಂದು ನೋಡಲಿಲ್ಲ, ಬೇಡ ಎಂದೂ ಅಲ್ಲ. ಪರದೆಯ ಬದಿಯಲ್ಲಿ ಮಾತುಗಳು ಒಂದರ ಮೇಲೊಂದು ಬೀಳತೊಡಗಿದ್ದವು. ಯಾಕೆ ನಿಂತಳು, ಯಾಕೆ ಸುಮ್ಮನಿದ್ದಾಳೆ.

ಅದ್ನಾನ್ ಎದ್ದ. ಮೇಜಿನ ಹತ್ತಿರ ಬಂದು ಕ್ಯಾಮೆರಾ ಹಿಡಿದು ತನ್ನ ಮುಖದ ಕಡೆ ತಿರುಗಿಸಿದ. ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿ, ತಡವರಿಸಿ, ಹಿಂದಿಗೆ ಬಂದ. ಆ ಓಟದ ಅರ್ಧ ಚಿತ್ರಗಳು ಮೇಡಂ ಬರೆದದ್ದಲ್ಲ, ನಾನು ಎಐಯಿಂದ ಮಾಡಿಸಿದ್ದು ಎಂದ. ಅವರಿಗೆ ಹೇಳಿರಲಿಲ್ಲ, ಅವರಿಗೆ ಗೊತ್ತಾದದ್ದು ಇವತ್ತೇ ಎಂದ. ಕಾರಣ ಹೇಳಲು ಹೋಗಲಿಲ್ಲ, ಕೈನೋವಿನ ಮಾತನ್ನೂ ತೆಗೆಯಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಚಂದ್ರಕಲಾ ಕ್ಯಾಮೆರಾ ತನ್ನ ಕಡೆ ಎಳೆದುಕೊಂಡಳು. ಇಷ್ಟು ವರ್ಷದಲ್ಲಿ ಆಟ ಆಡಿದವರು ಅವಳ ಮುಖ ನೋಡಿದ್ದು ಅದೇ ಮೊದಲು. ಅವಳು ಮಾತಾಡಿದ್ದು ಕನ್ನಡದಲ್ಲೇ, ಅದ್ನಾನ್ ಪಕ್ಕದಲ್ಲಿ ನಿಂತು ಹಿಂದಿಯಲ್ಲಿ ಹೇಳಿದ.

"ಅವರು ನನಗ ತೋರಿಸಿದ್ರು. ನಾ ನೋಡಿ ಛಲೋ ಅದ ಅಂದೆ. ನಂದಲ್ಲಂತ ನನಗ ಗುರ್ತ ಸಿಗಲಿಲ್ಲ. ಹಂಗಾಗಿ ತಪ್ಪು ಅವರದೊಂದೇ ಅಲ್ರಿ."

ಲೈವ್ ಮುಗಿಸಿದ ಮೇಲೆ ಅವಳು ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದಳು. ಕೆಳಗೆ ಅಮೀರ್ಬೀ ಇಟ್ಟ ಊಟವನ್ನು ಅವಳು ಮುಟ್ಟಲಿಲ್ಲ. ಆ ಹಿರಿಯ ಹೆಂಗಸಿಗೆ ಏನಾಯಿತು ಎಂದು ಯಾರೂ ಹೇಳಿರಲಿಲ್ಲ. ಆದರೂ ಮಗನನ್ನು ಬಿಟ್ಟು ಚಂದ್ರಕಲಾಳ ಜೊತೆ ಸ್ಟೇಷನ್ನಿನವರೆಗೆ ನಡೆದು ಬಂದು, ಗಾಡಿ ಹತ್ತಿಸಿ ಹೋದರು.

ಮುಂದಿನ ದಿನಗಳು ಕೆಟ್ಟವೇ. ಜನ ಬೈದರು. ಒಪ್ಪಿಕೊಂಡದ್ದಕ್ಕೆ ಮೆಚ್ಚಿದವರು ಸ್ವಲ್ಪ, ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡರು ಎಂದವರೇ ಹೆಚ್ಚು. ಕಂಪನಿಯವರು ಆಟದ ಬಿಡುಗಡೆ ಮುಂದಕ್ಕೆ ಹಾಕಿದರು. ಓಟವನ್ನು ಮತ್ತೆ ಪೂರ್ತಿ ಬರೆಯಬೇಕು, ಇಲ್ಲವೇ ಆಟವನ್ನೇ ಬಿಡಬೇಕು ಎಂದರು. ಭೀಮು ಬಿಟ್ಟುಬಿಡು ಎಂದ. ಕೈ ಮೊದಲು, ಗೇಮ್ ಆಮೇಲೆ ಎಂದದ್ದಕ್ಕೆ ಅವಳು ಅವನ ಮೇಲೂ ಸಿಟ್ಟಾದಳು. ಶಾಲೆಯಲ್ಲಿ ಅದ್ನಾನ್ ಸ್ಟಾಫ್ ರೂಮಿಗೆ ಬಂದರೆ ಅವಳು ವರಾಂಡಕ್ಕೆ ಹೋಗುತ್ತಿದ್ದಳು. ಒಂದು ದಿನ ಅವನೇ ಹಾದಿಗೆ ಅಡ್ಡ ನಿಂತು, ತಾನು ಈ ಕೆಲಸದಿಂದ ಹೊರಗೆ ಹೋಗುತ್ತೇನೆ, ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದ. ಆಟದ ಒಳಗಿನದೆಲ್ಲ ನಿಮ್ಮ ಒಬ್ಬರಿಗೇ ಗೊತ್ತು, ಓಡಿಹೋಗಬೇಡಿ ಎಂದಷ್ಟೇ ಹೇಳಿ ಅವಳು ಕ್ಲಾಸಿಗೆ ಹೋದಳು.

ಆದರೆ ಬರೆಯುವುದು ಹೇಗೆ? ಹದಿನೈದು ನಿಮಿಷ ಪೆನ್ಸಿಲ್ ಹಿಡಿದರೆ ಬೆರಳು ಜೋಮು ಹಿಡಿಯುತ್ತಿದ್ದವು. ಒಂದು ಸಂಜೆ ಚಿತ್ತಾಪುರದ ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದಾಗ ಅಲ್ಲಿ ನಿಲ್ಲದ ಒಂದು ಎಕ್ಸ್‌ಪ್ರೆಸ್ ಗಾಡಿ ಧೂಳೆಬ್ಬಿಸಿ ಹೋಯಿತು. ಅದರ ಕಿಟಕಿಗಳಲ್ಲಿ ಜನ ಇದ್ದರು. ಆದರೆ ಒಬ್ಬರ ಮುಖವೂ ಕಾಣಲಿಲ್ಲ, ಉದ್ದಕ್ಕೆ ಎಳೆದ ಒಂದು ಬಣ್ಣದ ಪಟ್ಟಿಯಷ್ಟೇ. ಜೋರಾಗಿ ಹೋಗುವುದಕ್ಕೆ ಬೆರಳೂ ಇಲ್ಲ, ದಾರವೂ ಇಲ್ಲ. ಹೆಚ್ಚು ಚಿತ್ರ ಬರೆದಷ್ಟೂ ಓಟ ಜೋರಾಗುತ್ತದೆ ಎಂದು ಮೂರು ವರ್ಷ ಹಟ ಹಿಡಿದಿದ್ದವಳು ತಾನೇ ಎಂಬುದು ಅವಳಿಗೆ ಅಲ್ಲಿ ಹೊಳೆಯಿತು. ಆ ಹಟವೇ ಕೈ ತಿಂದಿತ್ತು.

ಮರುದಿನ ದಪ್ಪ ಕುಂಚ ತಂದಳು. ಕಾಗದವನ್ನು ಗೋಡೆಗೆ ಅಂಟಿಸಿ, ಮಣಿಕಟ್ಟು ಅಲುಗಿಸದೆ ಹೆಗಲಿನಿಂದ ಕೈ ಬೀಸಿ ಗೆರೆ ಎಳೆದಳು. ಓಡುವ ಚಿಪ್ಪಿ ಒಂದು ಮಸಿಯ ಬೀಸು ಆದಳು, ತುದಿಯಲ್ಲಿ ಚಿಪ್ಪಿನ ಒಂದು ಸುತ್ತು. ನಿಂತಾಗ ಮಾತ್ರ ಕಣ್ಣು ಮೂಗು. ಮೊದಲಿನ ಹತ್ತಿಪ್ಪತ್ತು ಕೆಟ್ಟವು, ಗೋಡೆ ಕಪ್ಪಾಯಿತು. ಅದ್ನಾನ್ ಅದನ್ನು ಆಟದೊಳಗೆ ಹಾಕಿದಾಗ ಬೀಸು ತುಂಡುತುಂಡಾಗಿ ಕಂಡಿತು. ಇದು ಆಗುವುದಿಲ್ಲ ಎಂದ ಅವನು, ಆಗುತ್ತದೆ ಎಂದಳು ಅವಳು. ಜಗಳವೇ ಆಯಿತು. ಆ ಶನಿವಾರದ ನಂತರ ಅವರು ಮನಸ್ಸು ಬಿಚ್ಚಿ ಮಾತಾಡಿದ್ದು ಅದೇ ಜಗಳದಲ್ಲಿ. ಕೊನೆಗೆ ಅವನು ಮಸಿಯ ಗೆರೆ ವೇಗಕ್ಕೆ ತಕ್ಕಂತೆ ಹಿಗ್ಗುವ ಹಾಗೆ ಹೊಸದಾಗಿ ಕೋಡ್ ಬರೆದ. ಒಂದು ಗುರುವಾರ ಮೃಗ ಅಟ್ಟಿಸಿಕೊಂಡು ಬರುವಾಗ, ತಾನೇ ಮಾಡಿದ ಆಟದಲ್ಲಿ ಅದ್ನಾನನ ಬೆರಳು ತಪ್ಪಿ ಚಿಪ್ಪಿ ಬಿದ್ದು ಸತ್ತಳು, ಓಟ ಅಷ್ಟು ಜೋರಾಗಿತ್ತು.

ಆಟ ಮಳೆಗಾಲದಲ್ಲಿ ಹೊರಬಂತು. ಮೊದಲ ದಿನವೇ ಅಲ್ಮಾಸ್ ಅದನ್ನು ಲೈವ್‌ನಲ್ಲಿ ಆಡಿದಳು. ಚಂದ್ರಕಲಾ ಸೇಡಂನಲ್ಲಿ, ಅದ್ನಾನ್ ಶಹಾಬಾದಿನಲ್ಲಿ ಕೂತು ನೋಡಿದರು. ಫೋನು ಹಚ್ಚಿಕೊಂಡಿದ್ದರು. ಓಟದ ಜಾಗ ಬಂದಾಗ ಚಂದ್ರಕಲಾಗೆ ಅವನ ಉಸಿರು ಕೇಳುತ್ತಿತ್ತು. ಆಟದೊಳಗೆ ಅಲ್ಮಾಸ್ ಬಿದ್ದಳು. ಎದ್ದು ಓಡಿ ಮತ್ತೆ ಬಿದ್ದಳು. ಮೃಗ ಹತ್ತಿರ ಬಂದಂತೆ ಅವಳ ಮಾತು ನಿಂತುಹೋಯಿತು, ಕುರ್ಚಿಯಿಂದ ಮುಂದೆ ಬಾಗಿದಳು. ಬಹಳ ಸಲ ಸತ್ತ ಮೇಲೆ ಕೊನೆಯ ಜಿಗಿತ ದಾಟಿ, ಬಂಡೆಯ ಆಚೆ ಬಿದ್ದು ನಿಂತಳು. ಚಿತ್ರದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ನೀರು ಕುಡಿದು, ನಗುತ್ತ ಮುಂದಿನ ಗವಿಗೆ ಹೋದಳು.

ಮೊದಲಿನ ಓಟವೇ ನುಣುಪಾಗಿತ್ತು, ಅದನ್ನೇ ಇಡಬೇಕಿತ್ತು ಎಂದು ಬರೆದವರು ಈಗಲೂ ಇದ್ದಾರೆ. ಚಂದ್ರಕಲಾ ಅವರಿಗೆ ಉತ್ತರ ಕೊಡುವುದಿಲ್ಲ. ನುಣುಪಾಗಿದ್ದದ್ದು ಅವಳಿಗೂ ಗೊತ್ತು. ಕೈ ಪೂರ್ತಿ ಗುಣವಾಗಿಲ್ಲ, ಚಳಿ ಬಂದರೆ ಬೆರಳು ಬಿಗಿಯುತ್ತವೆ. ಶಾಲೆ ಬಿಟ್ಟಿಲ್ಲ. ವಾರಕ್ಕೊಮ್ಮೆ ಶಹಾಬಾದಿಗೆ ಹೋಗುತ್ತಾಳೆ, ಹೊಸದೊಂದು ಆಟದ ಮಾತು ನಡೆದಿದೆ. ಅದ್ನಾನ್ ಈಗ ಏನೇ ತೋರಿಸಿದರೂ ಯಾವುದು ಎಲ್ಲಿಂದ ಬಂತು ಎಂದು ಮೊದಲು ಹೇಳಿ ಆಮೇಲೆ ತೋರಿಸುತ್ತಾನೆ. ಅವಳು ತಲೆ ಆಡಿಸುತ್ತಾಳೆ, ಆದರೂ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಾಗಿ, ಒಂದೊಂದೇ ಚಿತ್ರ ನಿಲ್ಲಿಸಿ ನೋಡುತ್ತಾಳೆ. ಅವನು ಕಾಯುತ್ತಾನೆ.